ಹೊಸ ಚೈನೀಸ್ ಹೋಟೆಲಿನಲ್ಲಿ ಏನು, ಯಾವಾಗ ಆರ್ಡರ್ ಮಾಡಬೇಕು

ಚೈನೀಸ್ ಅಡುಗೆಯ ರುಚಿ ಇರುವುದು ಬಾಣಲೆಯಿಂದ ಇಳಿದ ಮೊದಲ ಹತ್ತು ನಿಮಿಷ. ಆಮೇಲೆ ತರಕಾರಿ ನೀರು ಬಿಡುತ್ತದೆ, ಗೋಬಿ ಸಾಸ್ ಹೀರಿ ಮೆತ್ತಗಾಗುತ್ತದೆ, ನೂಡಲ್ಸ್ ಗಂಟು ಕಟ್ಟುತ್ತದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ವಿನೋಬನಗರದಲ್ಲಾಗಲಿ, ಹೊಸ ಚೈನೀಸ್ ಹೋಟೆಲಿಗೆ ಹೋದಾಗ ಆರ್ಡರ್ ಕೊಡಬೇಕಾದದ್ದು ಈ ಲೆಕ್ಕ ಇಟ್ಟುಕೊಂಡೇ.

ಆರು ಐಟಂ ಒಟ್ಟಿಗೆ ಹೇಳಬೇಡಿ. ಹೊಸ ಹೋಟೆಲಿನಲ್ಲಿ ಅಡುಗೆಮನೆಗೂ ಸಪ್ಲೈಯರ್‌ಗಳಿಗೂ ಇನ್ನೂ ಹೊಂದಾಣಿಕೆ ಬಂದಿರುವುದಿಲ್ಲ; ಎಲ್ಲವೂ ಒಮ್ಮೆಲೇ ಬಂದು, ನೀವು ಸೂಪ್ ಕುಡಿಯುವಷ್ಟರಲ್ಲಿ ನೂಡಲ್ಸ್ ಆರಿರುತ್ತದೆ. ಮೊದಲು ಸೂಪ್ ಮತ್ತು ಒಂದು ಡ್ರೈ ಸ್ಟಾರ್ಟರ್ ಹೇಳಿ. ಸ್ಟಾರ್ಟರ್ ಅರ್ಧ ಖಾಲಿಯಾದಾಗ ಅನ್ನ, ನೂಡಲ್ಸ್ ಹೇಳಿ. ನಾಲ್ಕು ಜನ ಇದ್ದರೆ ಎರಡು ಸೂಪ್ ಬೈಟು, ಒಂದು ಸ್ಟಾರ್ಟರ್, ಒಂದು ಫ್ರೈಡ್ ರೈಸ್, ಒಂದು ನೂಡಲ್ಸ್, ಒಂದು ಗ್ರೇವಿ ಸಾಮಾನ್ಯವಾಗಿ ಸಾಕು. ಫುಲ್ ಪ್ಲೇಟ್ ಎಷ್ಟು ಜನಕ್ಕೆ ಆಗುತ್ತೆ ಎಂದು ಮೊದಲೇ ಕೇಳಿಬಿಡಿ. ಶೆಜ್ವಾನ್ ನೂಡಲ್ಸ್ ಜೊತೆಗೆ ಶೆಜ್ವಾನ್ ಗ್ರೇವಿ ಹೇಳಿದರೆ ಎರಡರಲ್ಲೂ ಒಂದೇ ಸಾಸ್. ಖಾರದ ಗ್ರೇವಿಗೆ ಸಪ್ಪೆ ಹಕ್ಕಾ ನೂಡಲ್ಸೇ ಸರಿ.

ಮಳೆಗಾಲದ ಸಂಜೆಗೆ ಮಂಚೌ ಸೂಪ್ ಹಿತ: ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸಿನ ಖಾರ. ಕರಿದ ನೂಡಲ್ಸನ್ನು ಬೇರೆ ಬಟ್ಟಲಲ್ಲಿ ಕೇಳಿ, ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ. ಹುಳಿ ಬೇಕಾದರೆ ಹಾಟ್ ಅಂಡ್ ಸೋರ್, ಮಕ್ಕಳಿಗೆ ಸ್ವೀಟ್ ಕಾರ್ನ್. ಸೂಪ್ ಗಂಜಿಯಂತೆ ಗಟ್ಟಿಯಾಗಿ, ನಾಲಿಗೆಗೆ ಹಸಿ ಹಿಟ್ಟಿನ ರುಚಿ ಹತ್ತಿದರೆ ಕಾರ್ನ್‌ಫ್ಲೋರ್ ಹಾಕಿದ ಮೇಲೆ ಸರಿಯಾಗಿ ಕುದಿಸಿಲ್ಲ ಎಂದರ್ಥ. ವಾಪಸ್ ಕೊಟ್ಟು ಇನ್ನೊಮ್ಮೆ ಕುದಿಸಿ ತರಲು ಹೇಳಿ.

ಅಡುಗೆಮನೆಯ ಗುಣ ಗೊತ್ತಾಗುವುದು ಸಾದಾ ವೆಜ್ ಫ್ರೈಡ್ ರೈಸಿನಲ್ಲಿ; ಅದರಲ್ಲಿ ಸಾಸಿನಿಂದ ಮುಚ್ಚಿಡಲು ಏನೂ ಇರುವುದಿಲ್ಲ. ಅಗುಳು ಬಿಡಿಬಿಡಿಯಾಗಿ, ಬೀನ್ಸ್ ಕ್ಯಾರೆಟ್ ಕರುಂ ಎನ್ನುವಂತಿದ್ದು, ಬಾಣಲೆಯ ಹೊಗೆಯ ಘಮ ಬಂದರೆ ಅಡುಗೆಯವರು ಕೆಲಸ ಬಲ್ಲವರು. ಮುದ್ದೆಯಾಗಿದ್ದರೆ ಅನ್ನ ಆರುವ ಮೊದಲೇ ಬಾಣಲೆಗೆ ಬಿದ್ದಿದೆ. ಫ್ರೈಡ್ ರೈಸಿಗೆ ಆರಿದ ಅನ್ನವೇ ಬೇಕು, ಆದರೆ ಅದು ಫ್ರಿಜ್‌ನಲ್ಲಿರಬೇಕು. ಗಂಟೆಗಟ್ಟಲೆ ಹೊರಗೆ ಕೂತ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಹುರಿದರೂ ಹೋಗುವುದಿಲ್ಲ. ಹುಳಿ ವಾಸನೆ ಬಂದರೆ ಒಂದು ತುತ್ತೂ ತಿನ್ನಬೇಡಿ.

ಶನಿವಾರ, ಭಾನುವಾರ ರಾತ್ರಿ ಎಂಟರಿಂದ ಒಂಬತ್ತೂವರೆ ತನಕ ನೂಕುನುಗ್ಗಲು. ಆಗ ನಾಲ್ಕೈದು ಪ್ಲೇಟ್ ಒಂದೇ ಬಾಣಲೆಗೆ ಬೀಳುತ್ತದೆ, ಕಾವು ಇಳಿಯುತ್ತದೆ, ತರಕಾರಿ ಹುರಿಯುವ ಬದಲು ಬೇಯುತ್ತದೆ. ಏಳು ಗಂಟೆಗೇ ಹೋಗಿ ಕೂರುವುದು ಒಳ್ಳೆಯದು.

ಸಸ್ಯಾಹಾರಿಗಳು ‘ವೆಜ್ ತಾನೇ?’ ಎಂದು ಕೇಳಿದರೆ ಸಾಲದು. ನಾಲ್ಕು ಪ್ರಶ್ನೆ ಬಿಡಿಸಿ ಕೇಳಬೇಕು: ನೂಡಲ್ಸಿನ ಹಿಟ್ಟಿಗೆ ಮೊಟ್ಟೆ ಹಾಕಿದೆಯಾ, ಸೂಪಿಗೆ ಚಿಕನ್ ಬೇಯಿಸಿದ ನೀರು ಹಾಕುತ್ತೀರಾ, ಗೋಬಿ ಕರಿಯುವ ಎಣ್ಣೆ ಬೇರೆಯಾ, ಆಯ್ಸ್ಟರ್ ಸಾಸ್ ಬಳಸುತ್ತೀರಾ? ಈ ಸಾಸ್ ಸಿಂಪಿ ಎಂಬ ಚಿಪ್ಪುಜೀವಿಯ ಸಾರದಿಂದ ಆಗುವಂಥದ್ದು, ನೋಡಲು ಸೋಯಾ ಸಾಸಿನಂತೆಯೇ ಕಪ್ಪು. ಸಪ್ಲೈಯರ್‌ಗೆ ಗೊತ್ತಿಲ್ಲದಿದ್ದರೆ ಅಡುಗೆಯವರನ್ನೇ ಕೇಳಿ ಬರಲಿ. ಬೆಳ್ಳುಳ್ಳಿ ತಿನ್ನದವರು ಶೆಜ್ವಾನ್, ಮಂಚೂರಿ ಎರಡನ್ನೂ ಬಿಟ್ಟುಬಿಡಿ. ಶೆಜ್ವಾನ್ ಸಾಸನ್ನು ಬೆಳ್ಳುಳ್ಳಿ ಹಾಕಿಯೇ ಮೊದಲೇ ಮಾಡಿಟ್ಟಿರುತ್ತಾರೆ, ಆಮೇಲೆ ‘ಬೇಡ’ ಎಂದರೆ ತೆಗೆಯಲಾಗದು.

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕೆಂಪು ಬ್ಯಾಡಗಿ ಮೆಣಸಿನದೇ ಆಗಿದ್ದರೆ ಅದು ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಡ್ರೈ ಗೋಬಿಯ ಒಂದು ತುಂಡನ್ನು ನೀರಿನ ಲೋಟಕ್ಕೆ ಹಾಕಿ ನೋಡಿ. ನೀರು ಕೂಡಲೇ ಕೆಂಪಗೋ ಕಿತ್ತಳೆಯಾಗಿಯೋ ತಿರುಗಿದರೆ ಅನುಮಾನಪಡಬೇಕು.

ಸೋಯಾ ಸಾಸಿನಲ್ಲೂ ಟೇಸ್ಟಿಂಗ್ ಪೌಡರಿನಲ್ಲೂ (ಅಜಿನೊಮೊಟೊ) ಸೋಡಿಯಂ ಇರುತ್ತದೆ. ಬಿಪಿ ಇರುವವರು ಎರಡನ್ನೂ ಕಡಿಮೆ ಹಾಕಲು ಆರ್ಡರ್ ಕೊಡುವಾಗಲೇ ಹೇಳಲಿ. ನೂಡಲ್ಸ್ ಸಪ್ಪೆ ಅನ್ನಿಸಿದರೆ ಮೇಜಿನ ಮೇಲಿನ ಸೋಯಾ ಸಾಸ್ ಸುರಿಯುವ ಮೊದಲು ಹಸಿಮೆಣಸು ನೆನೆಸಿದ ವಿನೆಗರ್ ಅರ್ಧ ಚಮಚ ಹಾಕಿ ನೋಡಿ. ಬಹಳ ಸಲ ಬೇಕಾಗಿರುವುದು ಹುಳಿ, ಉಪ್ಪಲ್ಲ.

ಬಿಲ್ಲಿನಲ್ಲಿ ಜಿಎಸ್‌ಟಿ ಇಂಥ ಹೋಟೆಲಿಗೆ ಶೇ 5. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಹಾಕಿದ್ದರೆ ತೆಗೆಸಿ.

ತೀರ್ಥಹಳ್ಳಿಗೋ ಸಾಗರಕ್ಕೋ ಪಾರ್ಸೆಲ್ ಒಯ್ಯುವವರು ಗೋಬಿ ಬೇರೆ, ಸಾಸ್ ಬೇರೆ ಕಟ್ಟಿಸಿಕೊಳ್ಳಿ. ಗೋಬಿಯ ಡಬ್ಬಿಯ ಮುಚ್ಚಳ ತುಸು ಸಡಿಲವಿರಲಿ. ಬಿಗಿ ಮುಚ್ಚಿದರೆ ಹಬೆ ಒಳಗೇ ಕೂತು ಗೋಬಿ ನೆನೆಯುತ್ತದೆ. ಮನೆಯಲ್ಲಿ ಗೋಬಿಯನ್ನು ಎಣ್ಣೆ ಹಾಕದೆ ಕಾದ ಕಾವಲಿಯ ಮೇಲೆ ಮೂರ್ನಾಲ್ಕು ನಿಮಿಷ ತಿರುವಿ, ಕುದಿಯುವ ಸಾಸಿಗೆ ಬಡಿಸುವಾಗಲೇ ಹಾಕಿ. ನೂಡಲ್ಸಿಗೆ ಒಂದು ಚಮಚ ಎಣ್ಣೆ, ಎರಡು ಚಮಚ ನೀರು ಚಿಮುಕಿಸಿ ದೊಡ್ಡ ಉರಿಯಲ್ಲಿ ಎರಡು ನಿಮಿಷ ಕೆದಕಿದರೆ ಬಿಡಿಸಿಕೊಳ್ಳುತ್ತದೆ.