ಭಾನುವಾರ ಸಂಜೆ ಹೇಳದೆ ಹೋಗಿ ನೋಡಿ

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಸೋದರತ್ತೆಯನ್ನು ಈಗಿನ ಆರೈಕೆ ಕೇಂದ್ರಕ್ಕೆ ಸೇರಿಸಿ ಒಂದು ವರ್ಷ ದಾಟಿತು. ಬೆನ್ನ ಕೆಳಗಿನ ಹುಣ್ಣು ಪೂರ್ತಿ ಮಾಯ್ದಿದೆ, ಹೊಸದು ಎದ್ದಿಲ್ಲ, ತೂಕ 38 ಕಿಲೋದಿಂದ 43ರ ಆಸುಪಾಸಿಗೆ ಬಂದಿದೆ. 'ಹೆಣ್ಣು ನೋಡಲು ಹೋಗುವವರೂ ಇಷ್ಟು ಕೆದಕುವುದಿಲ್ಲ' ಎಂದು ನನ್ನನ್ನು ಆಡಿಕೊಂಡಿದ್ದ ಭಾವನವರು ಮೊನ್ನೆ ತಮ್ಮ ತಾಯಿಗೆ ಜಾಗ ಹುಡುಕಲು ನನ್ನ ನೋಟ್‌ಪುಸ್ತಕವನ್ನೇ ಕೇಳಿದರು. ಕೊಟ್ಟೆ, ಸ್ವಲ್ಪ ಸತಾಯಿಸಿಯೇ ಕೊಟ್ಟೆ. ಪಾರ್ಶ್ವವಾಯು ಆದವರನ್ನು ನೋಡಿಕೊಂಡ ಮನೆಗಳಿಗೆ ಏರ್ ಬೆಡ್ (ಗಾಳಿ ಹಾಸಿಗೆ), ಕ್ಯಾಥೆಟರ್ (ಮೂತ್ರದ ಕೊಳವೆ), ರೈಲ್ಸ್ ಟ್ಯೂಬ್ (ಮೂಗಿನಿಂದ ಆಹಾರ ಕೊಡುವ ಕೊಳವೆ) ಎಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲ ಸಲ ಜಾಗ ಆರಿಸಿದ್ದು ಮನೆಯವರೆಲ್ಲ ಸೇರಿ. ಗೂಗಲ್‌ನಲ್ಲಿ ನಾಲ್ಕೂವರೆ ನಕ್ಷತ್ರ, ಬಾಗಿಲಲ್ಲಿ ಕಾರಂಜಿ, ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಎಲ್ಲರಿಗೂ ಹತ್ತಿರ. ಮುಂಗಡ 1 ಲಕ್ಷ, ತಿಂಗಳಿಗೆ 38 ಸಾವಿರ ಎಂದರು. ಎರಡನೆಯ ತಿಂಗಳ ಬಿಲ್ಲು 56 ಸಾವಿರದ ಹತ್ತಿರ ಬಂತು: ಡಯಾಪರ್, ಕೈಗವಸು, ಫಿಸಿಯೋಥೆರಪಿ, ಜೊತೆಗೆ 'ವಿಶೇಷ ಶುಶ್ರೂಷೆ' ಎಂಬ ಒಂದು ಬಾಬ್ತು. ಮೂರನೆಯ ತಿಂಗಳು ಬಾಲಮೂಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಕೆಂಪು ಕಲೆ ಕಾಣಿಸಿತು. ಕೆಲವೇ ವಾರಗಳಲ್ಲಿ ಅದು ಅಂಗೈಯಗಲದ ಹುಣ್ಣಾಯಿತು. ಆಸ್ಪತ್ರೆ, ಡ್ರೆಸ್ಸಿಂಗ್ ಎಲ್ಲ ಸೇರಿ 70 ಸಾವಿರ ಹೋಯಿತು. ಇಂಥ ಹುಣ್ಣು ಏಳದಿರಲೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಸಹಿ ಹಾಕುವ ಪಟ್ಟಿ ಮಾತ್ರ ಅಚ್ಚುಕಟ್ಟಾಗಿತ್ತು. ನಾನು ಅದನ್ನು ನೋಡಿದ್ದು ಸಂಜೆ ನಾಲ್ಕಕ್ಕೆ. ಆರು, ಎಂಟು, ಹತ್ತು ಗಂಟೆಯ ಸಹಿಗಳು ಆಗಲೇ ಬಿದ್ದಿದ್ದವು, ಒಂದೇ ಪೆನ್ನು, ಒಂದೇ ಓರೆ.

ಮುಂದಿನ ಜಾಗ ನಾನೊಬ್ಬನೇ ಹುಡುಕುತ್ತೇನೆಂದು ಹಟ ಹಿಡಿದೆ. ಎಕ್ಸೆಲ್‌ನಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿ ಫೋನಿನಲ್ಲಿ ವಿಚಾರಿಸಿದರೆ ಎಲ್ಲ ಕೇಂದ್ರಗಳೂ ಎಲ್ಲದಕ್ಕೂ 'ಇದೆ ಸಾರ್' ಎಂದವು. ನಲವತ್ತು ಅಂಕಕ್ಕೆ ಎಲ್ಲರಿಗೂ ಮೂವತ್ತೆಂಟು! ಸುಳಿವು ಕೊಟ್ಟವನು ನ್ಯೂಜೆರ್ಸಿಯಲ್ಲಿರುವ ತಮ್ಮ. ಅಲ್ಲಿ ಸರ್ಕಾರವೇ 2008ರಿಂದ ಇಂಥ ಕೇಂದ್ರಗಳಿಗೆ ನಕ್ಷತ್ರ ಕೊಡುತ್ತದೆ. ಸಿಬ್ಬಂದಿ ಎಷ್ಟು ಗಂಟೆ ಕೆಲಸ ಮಾಡಿದರೆಂದು ಸಂಬಳದ ಲೆಕ್ಕ ನೋಡಿ ಎಣಿಸುತ್ತಾರೆ, 2022ರಿಂದ ಶನಿವಾರ, ಭಾನುವಾರದ ಹಾಜರಿಯನ್ನೂ ಅಂಕಕ್ಕೆ ಸೇರಿಸಿದ್ದಾರೆ. ನಮ್ಮಲ್ಲಿ ಗೋಡೆಗೆ ನೋಂದಣಿ ಪತ್ರ ತೂಗುಹಾಕಿರುತ್ತಾರೆ. ರಾತ್ರಿ ಎಷ್ಟು ಜನ ಎಚ್ಚರವಾಗಿರುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ. ಸರಿ, ಹಾಜರಿಯನ್ನು ನಾನೇ ತೆಗೆದುಕೊಳ್ಳುತ್ತೇನೆ ಎಂದುಕೊಂಡೆ.

ಭಾನುವಾರ ಸಂಜೆ ಆರೂವರೆಗೆ, ಮುಂಚೆ ಹೇಳದೆ ಹೋಗುತ್ತಿದ್ದೆ. ತಾವಾಗಿ ಮಗ್ಗುಲಾಗಲು ಆಗದವರು ಎಷ್ಟು ಜನ, ಮಹಡಿಯಲ್ಲಿ ಓಡಾಡುತ್ತಿರುವ ಆರೈಕೆಯವರು ಎಷ್ಟು ಜನ ಎಂದು ಎಣಿಸುವುದು. ಕನಕಪುರ ರಸ್ತೆಯ ಒಂದು ಕಡೆ ಇಪ್ಪತ್ತಕ್ಕೂ ಹೆಚ್ಚು ಹಾಸಿಗೆಗೆ ಇಬ್ಬರು ಹುಡುಗಿಯರಿದ್ದರು, ಅವರಲ್ಲೊಬ್ಬಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಈಗಿನ ಜಾಗದಲ್ಲಿ ಹಗಲು ಐದಾರು ಜನಕ್ಕೊಬ್ಬರು, ರಾತ್ರಿ ಎಂಟು ಜನಕ್ಕೊಬ್ಬರು. ಆಮೇಲೆ ಮಗ್ಗುಲಿನ ಪಟ್ಟಿ: ಬರಲಿರುವ ಗಂಟೆಗಳ ಮನೆ ಖಾಲಿ ಇರಬೇಕು. ಹುಣ್ಣು ಏಳುವ ಇನ್ನೊಂದು ಜಾಗವಾದ ಹಿಮ್ಮಡಿಗಳನ್ನು ನೋಡಬೇಕು. ನೀರಿನ ಲೋಟ ಎಲ್ಲಿದೆ ಎಂದೂ ನೋಡಬೇಕು. ಬಲಗೈ ಬಿದ್ದುಹೋದವರಿಗೆ ಬಲಗಡೆಯೇ ಲೋಟ ಇಟ್ಟಿದ್ದರೆ ಆ ರೋಗಿಯ ಪರಿಚಯ ಅಲ್ಲಿ ಯಾರಿಗೂ ಇಲ್ಲ ಎಂದೇ ಲೆಕ್ಕ. ನೋಡಿಕೊಳ್ಳುವವರು ಬಹುಪಾಲು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಊರು ವಿಚಾರಿಸುತ್ತ, ಇಲ್ಲಿಗೆ ಬಂದು ಎಷ್ಟು ದಿನವಾಯಿತೆಂದು ಕೇಳಿದರೆ ಹೇಳುತ್ತಾರೆ. ನಾಲ್ವರಲ್ಲಿ ಮೂವರು ಹೊಸಬರಾದರೆ ನಾನು ಚಹಾವನ್ನೂ ಕುಡಿಯದೆ ಹೊರಡುತ್ತೇನೆ. ಬಟ್ಟೆ ಒಗೆಯುವವರಿಗೂ ಕಾವಲುಗಾರನಿಗೂ ಕೇಳುವ ಒಂದೊಂದು ಪ್ರಶ್ನೆ ನನ್ನಲ್ಲಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಉತ್ತರವನ್ನೂ ಕಲಿಸಿ ನಿಲ್ಲಿಸುತ್ತಾರೆ.

ದರಪಟ್ಟಿಯನ್ನು ನಾನು ಓದುವುದಿಲ್ಲ. ನಮ್ಮತ್ತೆಯಂಥದೇ ಸ್ಥಿತಿಯಲ್ಲಿರುವ ಒಬ್ಬರ ಹಿಂದಿನ ಮೂರು ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಎನ್ನುತ್ತೇನೆ. ತೋರಿಸಿದವರು ಇಬ್ಬರೇ, ಆ ಇಬ್ಬರಲ್ಲೇ ಒಂದನ್ನು ಆರಿಸಿದೆ. ಮುಂಗಡ ಕಟ್ಟುವ ಮೊದಲು ಹದಿನೈದು ದಿನ ತಾತ್ಕಾಲಿಕವಾಗಿ ಇರಿಸಿಕೊಳ್ಳಿ ಎಂದಾಗ ಒಪ್ಪಿದ್ದೂ ಅವರೇ.

ಆ ಹದಿನೈದು ದಿನ ಒಂದಿಷ್ಟು ಪ್ರಯೋಗ ನಡೆಸಿದೆ. ಭೇಟಿ ಮುಗಿಸಿ ಹೊರಡುವಾಗ ಡಯಾಪರಿನ ಅಂಟುಪಟ್ಟಿಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಬರುತ್ತಿದ್ದೆ. ಹತ್ತಿರದಲ್ಲೇ ಅಡ್ಡಾಡಿ ನಾಲ್ಕೈದು ಗಂಟೆ ಬಿಟ್ಟು 'ಕನ್ನಡಕ ಮರೆತೆ' ಎಂದು ಮತ್ತೆ ಹೋಗುವುದು. ಚುಕ್ಕೆ ಒಮ್ಮೆಯೂ ಉಳಿದಿರಲಿಲ್ಲ, ಅಂದರೆ ಡಯಾಪರ್ ಬದಲಿಸಿದ್ದರು. ಕನ್ನಡಕದ ನೆಪ ಮೂರನೆಯ ಸಲಕ್ಕೆ ನರ್ಸಮ್ಮನಿಗೆ ಗೊತ್ತಾಯಿತು, ಅದು ಬೇರೆ ಮಾತು. ರಾತ್ರಿ ಎರಡಕ್ಕೆ ಫೋನು ಮಾಡಿದ್ದರಿಂದ ಏನೂ ತಿಳಿಯಲಿಲ್ಲ: ಫೋನು ಎತ್ತುವವನೇ ಬೇರೆ, ನೋಡಿಕೊಳ್ಳುವವರೇ ಬೇರೆ. ಮೊಬೈಲಿನಲ್ಲಿ ಕ್ಯಾಮೆರಾ ನೋಡುವ ಸೌಲಭ್ಯಕ್ಕೆ ಇನ್ನೊಂದು ಕಡೆ ತಿಂಗಳಿಗೆ 1,500 ಕೇಳಿದ್ದರು. ಅಲ್ಲಿ ಕಂಡದ್ದು ಹೊದಿಕೆ ಮತ್ತು ಪಕ್ಕದ ಹಾಸಿಗೆಯ ಅಜ್ಜಿಯ ಖಾಸಗಿ ಬದುಕು. ಬೇಡವೆಂದೆ.

ಈಗ ತಿಂಗಳಿಗೆ ಎಲ್ಲ ಸೇರಿ 47 ಸಾವಿರ, ಎರಡು ಸಾವಿರ ಆಚೆ ಈಚೆ. ಮೊದಲ ಜಾಗದ ದರಪಟ್ಟಿಗಿಂತ ಹೆಚ್ಚು, ಅದರ ಬಿಲ್ಲಿಗಿಂತ ಕಡಿಮೆ. ಅಲ್ಲಿಗೆ ಕಟ್ಟಿದ್ದ ಮುಂಗಡದಲ್ಲಿ ಇನ್ನೂ 40 ಸಾವಿರ ಬರಬೇಕು. ಹಾಸಿಗೆ ಹಾಳಾಗಿದೆ ಎಂದು ಹಿಡಿದುಕೊಂಡಿದ್ದಾರೆ. ಆ ಹಾಸಿಗೆಯನ್ನು ಕೊಂಡದ್ದು ನಾವು, ರಸೀದಿಯೂ ನಮ್ಮಲ್ಲಿದೆ. ಹೋದ ವಾರ ವಕೀಲರ ನೋಟಿಸು ಕಳುಹಿಸಿದ್ದೇನೆ.