ಎರಡೂ ಸೊಂಟದ ಕೀಲು ಒಟ್ಟಿಗೆ ಬದಲಿಸಬೇಕೇ? ನಿರ್ಧರಿಸುವ ಬಗೆ

ನನ್ನ ತಮ್ಮ ಎರಡು ವರ್ಷ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡ. ನೋವಿದ್ದದ್ದು ತೊಡೆಸಂದಿನಲ್ಲಿ. ನಮಗೆ ಸೊಂಟವೆಂದರೆ ಬೆನ್ನಿನ ಕೆಳಭಾಗವೇ ನೆನಪಾಗುತ್ತದೆ. ವೈದ್ಯರು ಸೊಂಟದ ಕೀಲು ಎನ್ನುವುದು ತೊಡೆಮೂಳೆಯ ಚೆಂಡು ಚಪ್ಪೆಯ ಬಟ್ಟಲಿನಲ್ಲಿ ಕೂರುವ ಜಾಗಕ್ಕೆ. ಅದು ಕೆಟ್ಟರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಕೆಲವರಿಗೆ ಮಂಡಿಯಲ್ಲಿ ಕಾಣಿಸುತ್ತದೆ. ಎಂಆರ್‌ಐ ಮಾಡಿಸಿದಾಗ ಎರಡೂ ಚೆಂಡುಗಳಿಗೆ ರಕ್ತ ಹರಿಯದೆ ಮೂಳೆ ಸತ್ತಿರುವುದು ಗೊತ್ತಾಯಿತು. ಆಸ್ಪತ್ರೆಗಳಲ್ಲಿ ಎವಿಎನ್ ಎನ್ನುವ ಈ ತೊಂದರೆ ಸ್ಟೀರಾಯ್ಡ್ ಔಷಧ, ಮದ್ಯ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳಿಂದ ಬರಬಹುದು. ಕಾರಣವೇ ಸಿಗದವರೂ ಇದ್ದಾರೆ. ಒಂದು ಕಡೆ ಬಂದವರಿಗೆ ಇನ್ನೊಂದು ಕಡೆಯೂ ಬರುವುದು ಸಾಮಾನ್ಯ. ಅವನಿಗಾಗ 39 ವರ್ಷ.

"ಎರಡನ್ನೂ ಒಂದೇ ಸಲ ಮಾಡಿ ಮುಗಿಸಿಬಿಡಿ ಡಾಕ್ಟರೇ" ಎಂದ. ಅವರು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಮೊದಲು ಮನೆಗೆ ಹೋಗಿ ಬಚ್ಚಲಿನ ಬಾಗಿಲು ಎಷ್ಟು ಅಗಲವಿದೆ, ಅಳೆದುಕೊಂಡು ಬನ್ನಿ" ಎಂದರು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಆಪರೇಷನ್ ಆದ ಮೇಲೆ. ನಿಮಗೆ ಮೊದಲೇ ತಿಳಿದಿರಲಿ.

ಎರಡೂ ಕೀಲು ಒಂದೇ ಹಂತದಲ್ಲಿವೆಯೇ?

ಎಕ್ಸ್‌ರೇಯನ್ನು ಮುಂದಿಟ್ಟುಕೊಂಡು ಎಡ, ಬಲ ಎರಡರ ಬಗ್ಗೆಯೂ ಬೇರೆ ಬೇರೆಯಾಗಿ ಕೇಳಿ. ಚೆಂಡು ಕುಸಿದಿದೆಯೇ, ಸವೆದು ಬಟ್ಟಲಿಗೆ ತಾಗುತ್ತಿದೆಯೇ, ರಾತ್ರಿ ನಿದ್ದೆಗೆಡಿಸುವುದು ಯಾವ ಕಡೆಯ ನೋವು? ಒಂದು ಕಡೆ ಚೆಂಡಿನ ಆಕಾರ ಇನ್ನೂ ಉಳಿದಿದ್ದರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವಂಥ ಚಿಕಿತ್ಸೆಗೆ ಅವಕಾಶವಿರಬಹುದು. ಹೇಗೂ ಮೇಜಿನ ಮೇಲೆ ಮಲಗಿದ್ದೇನೆ ಎಂಬ ಒಂದೇ ಕಾರಣಕ್ಕೆ ಆ ಕೀಲನ್ನು ಬಲಿ ಕೊಡಬಾರದು. ಕೃತಕ ಕೀಲು ಶಾಶ್ವತವಲ್ಲ: ಕೀಲು ಬದಲಾವಣೆಯ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ 25 ವರ್ಷ ಬಾಳುವುದು 100ರಲ್ಲಿ ಸುಮಾರು 58. ನಲವತ್ತರೊಳಗಿನವರಿಗೆ ಇದು ಸಣ್ಣ ಮಾತಲ್ಲ.

ಎರಡೂ ಕಡೆ ಪೂರ್ತಿ ಕೆಟ್ಟಿದ್ದರೆ ಲೆಕ್ಕ ಬದಲಾಗುತ್ತದೆ. ಮುಖ್ಯವಾಗಿ, ಬೆನ್ನುಮೂಳೆ, ಕೀಲುಗಳು ಉರಿಯೂತದಿಂದ ಬಿಗಿಯುತ್ತ ಹೋಗುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಂಥ ಕಾಯಿಲೆಯಿಂದ ಎರಡೂ ಕೀಲು ಬಾಗಿ ಬಿಗಿದುಕೊಂಡಿದ್ದಾಗ ಒಂದನ್ನೇ ಸರಿಪಡಿಸಿದರೆ, ಬಾಗಿದ ಹಳೆಯ ಕಾಲು ಹೊಸ ಕಾಲನ್ನು ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ಅಂಥವರಿಗೆ ಒಟ್ಟಿಗೆ ಮಾಡುವುದೇ ಮೇಲೆಂದು ಅನೇಕ ತಜ್ಞರು ಹೇಳುತ್ತಾರೆ.

ದೇಹ ತಾಳುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಅರಿವಳಿಕೆ ತಜ್ಞರಿಂದ ಬರಬೇಕು. ಆಪರೇಷನ್ ದಿನದ ಬೆಳಗ್ಗೆ ಅಲ್ಲ, ವಾರಗಳ ಮುಂಚೆಯೇ ಅವರನ್ನು ಭೇಟಿ ಮಾಡಿಸಿ ಎಂದು ಕೇಳಿ. ಒಟ್ಟಿಗೆ ಮಾಡಿದರೆ ಅರಿವಳಿಕೆ ಒಂದೇ ಸಲ, ಆಸ್ಪತ್ರೆವಾಸವೂ ಒಂದೇ ಸಲ. ಆದರೆ ಒಂದೇ ದಿನದಲ್ಲಿ ಹೋಗುವ ರಕ್ತ ಹೆಚ್ಚು, ರಕ್ತ ಕೊಡಬೇಕಾಗಿ ಬರುವ ಸಂಭವವೂ ಹೆಚ್ಚು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬಳಸುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ, ತುಂಬ ವಯಸ್ಸಾದವರಿಗೆ ಸಾಮಾನ್ಯವಾಗಿ ಒಂದೊಂದೇ ಕಡೆ, ನಡುವೆ ಕೆಲವು ವಾರಗಳಿಂದ ಕೆಲವು ತಿಂಗಳ ಅಂತರ ಬಿಟ್ಟು ಮಾಡುತ್ತಾರೆ. ನಮ್ಮ ದೊಡ್ಡಮ್ಮನಿಗೆ ಹೃದಯದ ತೊಂದರೆ ಇತ್ತು. ಮೂರು ತಿಂಗಳು ಬಿಟ್ಟು ಎರಡನೆಯದನ್ನು ಮಾಡಿದರು. ಅವರಿಗೆ ಅದೇ ಸರಿಯಾಗಿತ್ತು.

ಯಾವ ದಾರಿ ಹಿಡಿದರೂ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೊದಲು ಏರಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.5ರಿಂದ 8ರೊಳಗೆ ಬರಲಿ ಎಂದು ಹಲವು ವೈದ್ಯರು ಬಯಸುತ್ತಾರೆ. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು ವಾಸಿಯಾಗಲಿ. ಬೀಡಿ, ಸಿಗರೇಟು ಬಿಡಲೇಬೇಕು.

ಮನೆ ತಾಳುತ್ತದೆಯೇ?

ಒಂದು ಕಡೆ ಮಾತ್ರ ಆಪರೇಷನ್ ಆದವರಿಗೆ ಊರಲು ಒಂದು ಕಾಲಿರುತ್ತದೆ. "ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು" ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಎರಡೂ ಕಡೆ ಆದವರಿಗೆ ಒಳ್ಳೆಯ ಕಾಲು ಯಾವುದು? ಮೊದಲ ಆರು ವಾರಗಳ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ನಮ್ಮದು ಹಳೆಯ ಮನೆ. ಬಚ್ಚಲಿನ ಬಾಗಿಲು 22 ಅಂಗುಲ. ವಾಕರ್ ಅದಕ್ಕಿಂತ ಅಗಲ. ತಮ್ಮ ಹೊಸ್ತಿಲಲ್ಲಿ ವಾಕರ್ ಬಿಟ್ಟು, ಚೌಕಟ್ಟು ಹಿಡಿದು, ಅಡ್ಡಡ್ಡ ಹೆಜ್ಜೆಯಿಟ್ಟು ಒಳಗೆ ಹೋದ. ಹಿಂದೆ ನಿಂತ ನನ್ನ ಕೈ ನಡುಗುತ್ತಿತ್ತು. ಮರುದಿನವೇ ಬಡಗಿಯನ್ನು ಕರೆಸಿದೆವು. ಹೊಸ್ತಿಲಿನ ಎತ್ತರ, ಮೆಟ್ಟಿಲು, ಜಾರುವ ನೆಲ, ಹಾಸಿಗೆಯಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಎಲ್ಲವನ್ನೂ ಮೊದಲೇ ನೋಡಿ. ಕಮೋಡ್ ಬೇಕೇ ಬೇಕು, ಅದರ ಮೇಲೆ ಎತ್ತರಿಸುವ ಸೀಟು ಕೂಡ. ಕೀಲಿನ ಹಿಂಬದಿಯಿಂದ ಕೊಯ್ದು ಮಾಡಿದ್ದರೆ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ತಪ್ಪಿದರೆ ಚೆಂಡು ಬಟ್ಟಲಿನಿಂದ ಜಾರಬಹುದು. ಕುಕ್ಕರುಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವುದು ಮತ್ತೆ ಯಾವಾಗ, ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ಈಗಲೇ ಕೇಳಿಕೊಳ್ಳಿ.

ವಾಕರ್ ಹಿಡಿದವರಿಗೆ ಕೈ ಖಾಲಿ ಇರುವುದಿಲ್ಲ. ಕಾಫಿ ಲೋಟವನ್ನು ಅಡುಗೆಮನೆಯಿಂದ ಜಗಲಿಗೆ ತರುವುದೂ ಆಗದು. ಅಮ್ಮ ಹಳೆಯ ಸೀರೆಯಲ್ಲಿ ಚೀಲ ಹೊಲಿದು ವಾಕರಿಗೆ ಕಟ್ಟಿದರು. ಫ್ಲಾಸ್ಕ್, ಮೊಬೈಲ್, ಮಾತ್ರೆ ಎಲ್ಲ ಅದರಲ್ಲೇ. ರಾತ್ರಿಯೂ ಸೇರಿ ಜೊತೆಗೆ ಯಾರಿರುತ್ತಾರೆ, ಕಾಗದದಲ್ಲಿ ಹೆಸರು ಬರೆಯಿರಿ. ಆರು ವಾರಕ್ಕೆ ಹೆಸರು ಸಿಗದಿದ್ದರೆ ಒಂದೊಂದೇ ಕಡೆ ಮಾಡಿಸಿಕೊಳ್ಳುವುದು ಕ್ಷೇಮ, ದೇಹ ಎಷ್ಟೇ ಗಟ್ಟಿಯಿರಲಿ. ಇದು ನನ್ನ ಖಚಿತ ಅಭಿಪ್ರಾಯ.

ಹಣ ಮತ್ತು ರಜೆ

ಒಂದೇ ದಾಖಲಾತಿಯಲ್ಲಿ ಎರಡು ಕೀಲು ಮಾಡಿದರೆ ವಿಮೆ ಎಷ್ಟು ಭರಿಸುತ್ತದೆ, ಕೀಲು ಬದಲಾವಣೆಗೆ ಕಾಯುವ ಅವಧಿ ಇದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಆಯುಷ್ಮಾನ್ ಕಾರ್ಡ್ ಇದ್ದವರು ಆ ಯೋಜನೆಯ ಬಗ್ಗೆ ನೆರವಾಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕೆಲಸಕ್ಕೆ ಎರಡು ಸಲ ರಜೆ ಹಾಕುವ ತಾಪತ್ರಯ ಒಟ್ಟಿಗೆ ಮಾಡಿಸಿದರೆ ತಪ್ಪುತ್ತದೆ.

ಸಹಿ ಹಾಕುವ ಮುನ್ನ

ಈ ಆಸ್ಪತ್ರೆಯಲ್ಲಿ ಎರಡೂ ಕಡೆ ಒಟ್ಟಿಗೆ ಮಾಡುವುದು ವಾಡಿಕೆಯೇ, ತೀವ್ರ ನಿಗಾ ಘಟಕ ಇದೆಯೇ, ರಕ್ತ ಹೆಪ್ಪುಗಟ್ಟದಂತೆ ಔಷಧ ಎಷ್ಟು ದಿನ ಎಂದು ಕೇಳಿ. ಸಾಮಾನ್ಯವಾಗಿ ಅದು ಸುಮಾರು 35 ದಿನದವರೆಗೂ ಇರುತ್ತದೆ. ಕೊನೆಯದಾಗಿ, ಮೊದಲ ಕಡೆ ಮುಗಿದಾಗ ರಕ್ತದೊತ್ತಡ ಇಳಿದರೆ ಅಥವಾ ರಕ್ತ ಹೆಚ್ಚು ಹೋದರೆ ಅಲ್ಲಿಗೇ ನಿಲ್ಲಿಸುತ್ತೀರಾ ಎಂದು ಕೇಳಿ. ಹೌದು ಎನ್ನುವ ವೈದ್ಯರನ್ನು ನಂಬಬಹುದು. ತಮ್ಮನ ಒಪ್ಪಿಗೆ ಪತ್ರದಲ್ಲಿ ಹಾಗೆಂದೇ ಬರೆದಿತ್ತು.

ಹಾಗೆ ನಿಲ್ಲಿಸಿದರೆ ಆಪರೇಷನ್ ಕೆಟ್ಟಿತೆಂದು ಅರ್ಥವಲ್ಲ ಎಂದು ಮನೆಯ ಹಿರಿಯರಿಗೆ ಹಿಂದಿನ ದಿನವೇ ಬಿಡಿಸಿ ಹೇಳಿ. ನಾವು ಹೇಳಿರಲಿಲ್ಲ. ಎರಡೂ ಕಡೆ ಮುಗಿಸಿಕೊಂಡು ತಮ್ಮ ಹೊರಬರುವ ತನಕ ಅಮ್ಮ ಕಾರಿಡಾರಿನ ಗಡಿಯಾರದ ಕೆಳಗಿನಿಂದ ಕದಲಲಿಲ್ಲ.