ಸ್ಕೂಟರ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಪ್ಲಗ್ ಬಿಚ್ಚಿ

ನನ್ನ ಹಳೇ ಕಾರ್ಬುರೇಟರ್ ಸ್ಕೂಟರ್ ಒಂದು ಬೆಳಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಸಿಟ್ಟಿನಲ್ಲಿ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರನ್ನೇ ಬಿಚ್ಚಿ ಹರಡಿಕೊಂಡು ಕೂತೆ. ಅರ್ಧ ದಿನ ಹೋಯಿತು. ತೊಂದರೆ ಇದ್ದದ್ದು ಪೆಟ್ರೋಲ್ ಉರಿಸಲು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ನಲ್ಲಿ!

ಈಗ ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಪೆಟ್ರೋಲ್ ನೋಡುತ್ತೇನೆ. ನಗಬೇಡಿ, ಇಲ್ಲೂ ಮೋಸ ಹೋಗಿದ್ದೇನೆ.

ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ಕೊಳೆಯಾಗಿರಬಹುದು. ಕಿಕ್ ಹೊಡೆದು ಹೊಡೆದು ಸಾಕಾದರೂ ತುದಿ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ನನ್ನದು ಒದ್ದೆ ಇತ್ತು.

ಆಗ ಕಿಡಿ ನೋಡಬೇಕು. ಒರೆಸಿದ ಪ್ಲಗ್ಗನ್ನು ವೈರ್ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ, ಬೆಂಕಿ ಹತ್ತಬಹುದು. ಲೋಹ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ. ನೀಲಿ ಕಿಡಿ ಚಟ್ ಅಂದರೆ ಸರಿ. ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ. ಗ್ಯಾಪ್, ಅಂದರೆ ತುದಿಯಲ್ಲಿ ಕಿಡಿ ಹಾರುವ ಸಂದು, ಎಷ್ಟೋ ಸ್ಕೂಟರ್‌ಗಳಲ್ಲಿ 0.6ರಿಂದ 0.7 ಮಿಲಿಮೀಟರ್, ನಿಮ್ಮದಕ್ಕೆ ಮ್ಯಾನ್ಯುಯಲ್ ನೋಡಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಸ್ಪ್ಯಾನರ್ ಹಾಕಿ ಓರೆಯಾಗಿ ಒತ್ತಿದರೆ ಪ್ಲಗ್ ಕೂರುವ ಇಂಜಿನ್ ಹೆಡ್‌ನ ಥ್ರೆಡ್ (ತಿರುಪಿನ ಗೆರೆ) ಹಾಳು.

ಹೊಸ ಪ್ಲಗ್‌ನಲ್ಲೂ ಕಿಡಿ ಇಲ್ವಾ? ಕ್ಯಾಪ್, ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ವೈರ್ ನೋಡಿ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ಆಫ್ ಆದರೆ ಕಾರ್ಬುರೇಟರ್ ಒಳಗಿನ ಪೈಲಟ್ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತು, ಕಟ್ಟಿಕೊಂಡಿರಬಹುದು. ಕಾರ್ಬುರೇಟರ್ ಬಿಚ್ಚುವುದು ಆಗ.